ಮಗು ಬೇಕೆನ್ನುವವರಿಗೆ ದಿನದ ಲೆಕ್ಕ



ಹಸು ಬೆದೆಗೆ ಬಂದರೆ ಇಡೀ ಕೇರಿಗೆ ಗೊತ್ತಾಗುತ್ತದೆ. ಕೂಗುತ್ತದೆ, ಮೇವು ಬಿಡುತ್ತದೆ, ಲೋಳೆ ಸುರಿಸುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ ಗರ್ಭ ಕಟ್ಟಿಸಬೇಕು, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ. ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಇದು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಯ ಹೈನುಗಾರರಿಗೆ ಬಾಯಿಪಾಠ. ಮನುಷ್ಯರಲ್ಲಿ ಅಷ್ಟು ಎದ್ದು ಕಾಣುವ ಗುರುತಿಲ್ಲ. ಮದುವೆಯಾದ ವರ್ಷದೊಳಗೇ "ಏನವ್ವಾ, ಇನ್ನೂ ಇಲ್ವಾ?" ಅನ್ನಿಸಿಕೊಳ್ಳುವ ಸೊಸೆಗೆ ಈ ಲೆಕ್ಕ ಗೊತ್ತಿರಬೇಕು. ಅವಳ ಗಂಡನಿಗೂ ಗೊತ್ತಿರಬೇಕು.

ಎಣಿಕೆ ಎಲ್ಲಿಂದ ಶುರು? ಕೆಲವರು ತಲೆಗೆ ನೀರು ಹಾಕಿಕೊಂಡ ದಿನದಿಂದ ಎಣಿಸುತ್ತಾರೆ. ಅಲ್ಲೇ ಮೂರು ನಾಲ್ಕು ದಿನ ಜಾರಿಹೋಯಿತು. ಮುಟ್ಟು ಕಾಣಿಸಿದ ದಿನವೇ ಒಂದನೆಯ ದಿನ.

ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ 12ರಿಂದ 16 ದಿನ ಮುಂಚೆ ಎಂದು ಜಪಾನಿನ ವೈದ್ಯ ಓಗಿನೋ 1924ರಲ್ಲಿ ತೋರಿಸಿಕೊಟ್ಟರು. ಅಂದರೆ ಹಿಂದಕ್ಕೆ ಎಣಿಸಬೇಕು. 28 ದಿನಕ್ಕೆ ಮುಟ್ಟಾಗುವವಳಿಗೆ ಸುಮಾರು 14ನೆಯ ದಿನ, 32 ದಿನಕ್ಕೆ ಆಗುವವಳಿಗೆ ಸುಮಾರು 18ನೆಯ ದಿನ. ಎಲ್ಲರಿಗೂ "ಹದಿನಾಲ್ಕು" ಎನ್ನುವುದು ಎಲ್ಲ ಗದ್ದೆಗೂ ಒಂದೇ ದಿನ ನೀರು ಬಿಟ್ಟ ಹಾಗೆ.

ಅಂಡಾಣು ಬದುಕುವುದು ಒಂದು ದಿನ, ಹೆಚ್ಚೆಂದರೆ. ವೀರ್ಯಾಣು ಐದು ದಿನದವರೆಗೂ ಒಳಗೆ ಕಾದಿರಬಲ್ಲದು. ಹಾಗಾಗಿ ಅಂಡಾಣು ಬರುವ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನಗಳೇ ಫಲದ ದಿನಗಳು. ಅದು ಬಂದುಹೋದ ಮೇಲೆ ಕೂಡಿದರೆ ಆ ತಿಂಗಳು ಕಳೆದಂತೆಯೇ.

ಮದ್ದೂರಿನಿಂದ ಬೆಂಗಳೂರ ದಾರಿಯಲ್ಲಿ ಸಿಗುವ ರಾಮನಗರದಲ್ಲಿ 1952ರಲ್ಲಿ ಇದೇ ಲೆಕ್ಕದ ಪ್ರಯೋಗ ಶುರುವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವು. ಮುಂದೆ ನಿಂತವರು ಅಮೆರಿಕದ ಡಾಕ್ಟರ್ ಅಬ್ರಹಾಂ ಸ್ಟೋನ್. ಓದು ಬಾರದ ಹೆಂಗಸರಿಗೆ ದಿನ ಎಣಿಸಲು ಬಣ್ಣದ ಮಣಿಸರ ಮಾಡಿದರು. ಆಗಿನ ಉದ್ದೇಶ ಮಗು ಬೇಡವೆಂಬುದು. ಆ ಕೆಲಸಕ್ಕೆ ಈ ಲೆಕ್ಕ ನಂಬಿಕೆಯದಲ್ಲ. ಬೇಕೆನ್ನುವವರಿಗೆ ಮಾತ್ರ ಒಂದೆರಡು ದಿನ ಆಚೀಚೆಯಾದರೂ ನಷ್ಟವಿಲ್ಲ.

ಮಣಿಯ ಬದಲು ಈಗ ಗೋಡೆಯ ಕ್ಯಾಲೆಂಡರ್ ಸಾಕು. ಆರು ತಿಂಗಳು ಗುರುತು ಹಾಕಿ. ಅತಿ ಕಡಿಮೆ ಅಂತರದಲ್ಲಿ 18 ಕಳೆಯಿರಿ, ಅತಿ ಹೆಚ್ಚಿನದರಲ್ಲಿ 11 ಕಳೆಯಿರಿ. 26 ಮತ್ತು 31 ಇದ್ದರೆ, 8ನೆಯ ದಿನದಿಂದ 20ನೆಯ ದಿನದವರೆಗೆ. ಅಷ್ಟರಲ್ಲಿ ದಿನ ಬಿಟ್ಟು ದಿನ ಕೂಡಿದರೆ ಆಯಿತು. ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಎಳೆದರೆ ನೂಲಾಗುವ ಜಾರುಸ್ರಾವ ಕಂಡರೆ ಸಮಯ ಹತ್ತಿರವಾಯಿತೆಂದು ತಿಳಿಯಿರಿ. ಗಂಡಸರಿಗೊಂದು ಮಾತು: ಕಬ್ಬಿನ ಲೋಡು ಹೊಡೆದುಕೊಂಡು ಕಾರ್ಖಾನೆ ಮುಂದೆ ಸರದಿ ಕಾಯಲು ಈ ದಿನಗಳನ್ನೇ ಹುಡುಕಬೇಡಿ!

ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವವರಿಗೆ ಈ ಎಣಿಕೆ ನಿಲ್ಲುವುದಿಲ್ಲ. ಅವರು ಕಾಯದೆ ಡಾಕ್ಟರನ್ನು ಕಾಣಲಿ. ಉಳಿದವರು ಒಂದು ವರ್ಷ ನೋಡಿ. ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳು. ಆಮೇಲೆ ತಾಲ್ಲೂಕು ಆಸ್ಪತ್ರೆಗೆ ಇಬ್ಬರೂ ಹೋಗಿ. ಸೊಸೆಯನ್ನೊಬ್ಬಳನ್ನೇ ಕಳಿಸಿ, ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮನೆಗಳಿವೆ. ಕೊರತೆ ಗಂಡಿನಲ್ಲೂ ಇರಬಹುದು. ವೀರ್ಯಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ. ಹೋಗುವಾಗ ಗುರುತು ಹಾಕಿದ ಕ್ಯಾಲೆಂಡರನ್ನು ಗೋಡೆಯಿಂದ ಬಿಚ್ಚಿಕೊಂಡೇ ಹೋಗಿ, ಡಾಕ್ಟರು ಮೊದಲು ಕೇಳುವುದು ಅದನ್ನೇ.