ಮನೆಯ ಕಾಫಿ: ರುಚಿ, ಖರ್ಚು, ಅನುಕೂಲ
(ಹಳ್ಳಿಯ ಸಭೆಯೊಂದರಲ್ಲಿ ಮಾಡಿದ ಭಾಷಣ)



ಗೊಬ್ಬರಕ್ಕೆ ಎಷ್ಟು ಖರ್ಚಾಯಿತು, ಬಿತ್ತನೆ ಬೀಜಕ್ಕೆ ಎಷ್ಟಾಯಿತು ಎಂದು ಕೇಳಿದರೆ ನಿಮ್ಮಲ್ಲಿ ಬಹಳ ಮಂದಿ ಥಟ್ಟನೆ ಲೆಕ್ಕ ಹೇಳುವಿರಿ. ಮನೆಯಲ್ಲಿ ಕಾಫಿಗೆ ತಿಂಗಳಿಗೆ ಎಷ್ಟಾಗುತ್ತದೆ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುವಿರಿ. ದಿನಕ್ಕೆ ಎರಡು ಸಲ ಒಲೆಯ ಮೇಲೆ ಏರಿ ಇಳಿಯುವ ಈ ಪಾನೀಯದ ಲೆಕ್ಕವನ್ನು ನಾವು ಯಾರೂ ಇಟ್ಟಿಲ್ಲ. ಇಂದು ಅದನ್ನೇ ನೋಡೋಣ. ಕಾಫಿ ಕುಡಿಯಬೇಡಿರಿ ಎಂದು ಹೇಳಲು ನಾನು ಬಂದಿಲ್ಲ. ಕುಡಿಯುವ ಕಾಫಿ ರುಚಿಯಾಗಿರಬೇಕು, ಮನೆಯ ಶಕ್ತಿಗೆ ಮೀರದಂತಿರಬೇಕು, ಮಾಡುವ ಹೆಣ್ಣುಮಗಳಿಗೆ ಹೆಚ್ಚಿನ ಹೊರೆಯಾಗಬಾರದು. ಈ ಮೂರೂ ಕೂಡಿಬರುವ ದಾರಿ ಯಾವುದೆಂದು ವಿಚಾರ ಮಾಡೋಣ.

ಕಾಫಿ ನಮ್ಮ ನಾಡಿಗೆ ಹೊಸದೇನೂ ಅಲ್ಲ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಜನರು ಹೇಳುತ್ತಾರೆ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಹೆಚ್ಚಿನ ಪಾಲು ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳದು. ಬೆಳೆಯುವವರು ನಾವೇ ಆದರೂ ಚೆನ್ನಾಗಿ ಕಾಯಿಸಿ ಕುಡಿಯುವುದನ್ನು ಎಷ್ಟೋ ಮನೆಗಳಲ್ಲಿ ಇನ್ನೂ ಕಲಿಯಬೇಕಾಗಿದೆ.

ಮೊದಲು ಪುಡಿಯ ವಿಚಾರ

ಪುಡಿ ಕೆಟ್ಟದ್ದಾದರೆ ಯಾವ ವಿಧಾನವೂ ಅದನ್ನು ಉಳಿಸಲಾರದು. ಅರೇಬಿಕಾ ಬೀಜಕ್ಕೆ ಪರಿಮಳ ಹೆಚ್ಚು, ನಯವಾದ ಹುಳಿ ಇರುತ್ತದೆ. ರೋಬಸ್ಟಾಕ್ಕೆ ಕಹಿ ಹೆಚ್ಚು, ಗಟ್ಟಿತನವೂ ಹೆಚ್ಚು. ಅದರಲ್ಲಿರುವ ಕೆಫೀನು ಅರೇಬಿಕಾದ ಸುಮಾರು ಎರಡರಷ್ಟು. ಹಾಲು ಹಾಕಿ ಕುಡಿಯುವವರಿಗೆ ಎರಡನ್ನೂ ಬೆರೆಸಿದ ಪುಡಿ ಒಗ್ಗುತ್ತದೆ.

ಚಿಕೋರಿ ಎಂಬುದು ಕಾಫಿಯಲ್ಲ. ಅದು ಒಂದು ಗಿಡದ ಬೇರು. ಅದನ್ನು ಹುರಿದು ಪುಡಿಮಾಡಿ ಕಾಫಿಗೆ ಬೆರೆಸುತ್ತಾರೆ. ಬಣ್ಣ ಬರುತ್ತದೆ, ಡಿಕಾಕ್ಷನ್ ಮಂದವಾಗಿ ಕಾಣುತ್ತದೆ, ಆದರೆ ಅದರಲ್ಲಿ ಕೆಫೀನು ಇಲ್ಲ. ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಭಾಗಕ್ಕಿಂತ ಕಡಮೆ ಇರಕೂಡದು, ಎಷ್ಟು ಬೆರೆಸಿದೆ ಎಂಬುದನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಬೇಕು ಎಂಬುದು ಕಾನೂನು. ಚಿಕೋರಿಯ ರುಚಿ ನಿಮಗೆ ಹಿಡಿಸಿದರೆ ಧಾರಾಳವಾಗಿ ಕೊಳ್ಳಿರಿ. ಆದರೆ ನೂರಕ್ಕೆ 30 ಚಿಕೋರಿ ಇರುವ ಒಂದು ಕಿಲೋ ಪುಡಿಯಲ್ಲಿ ಕಾಫಿ ಇರುವುದು 700 ಗ್ರಾಂ ಮಾತ್ರ ಎಂಬುದನ್ನು ತಿಳಿದು ಬೆಲೆ ಕೊಡಿರಿ. ಅನುಮಾನ ಬಂದರೆ ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ ನೋಡಿರಿ. ಕಾಫಿ ಪುಡಿ ತೇಲುತ್ತದೆ. ಚಿಕೋರಿ ಬಣ್ಣದ ಎಳೆ ಬಿಡುತ್ತ ಕೆಳಗಿಳಿಯುತ್ತದೆ.

ಪುಡಿಯನ್ನು ತಿಂಗಳುಗಟ್ಟಲೆ ಕೂಡಿಡಬೇಡಿರಿ. ಬೀಜವನ್ನು ಪುಡಿಮಾಡಿದ ಗಳಿಗೆಯಿಂದಲೇ ಪರಿಮಳ ಹಾರಲು ಮೊದಲಾಗುತ್ತದೆ. ಹದಿನೈದು ದಿನಕ್ಕೆ ಆಗುವಷ್ಟು ತಂದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿರಿ. ಒದ್ದೆ ಚಮಚ ಹಾಕಬೇಡಿರಿ.

ನಾಲ್ಕು ವಿಧಾನಗಳು

ನಮ್ಮ ಹಳ್ಳಿಗಳಲ್ಲಿ ರೂಢಿಯಲ್ಲಿರುವ ವಿಧಾನಗಳು ನಾಲ್ಕು. ಒಂದೊಂದಾಗಿ ನೋಡೋಣ. ಅಳತೆಗಳನ್ನು ನಾಲ್ಕು ಲೋಟಕ್ಕೆ ಹೇಳುತ್ತೇನೆ.

ಮೊದಲನೆಯದು ಫಿಲ್ಟರು. ಮೇಲಿನ ಪಾತ್ರೆಗೆ 30 ಗ್ರಾಂ ಪುಡಿ ಹಾಕಿ, ಒತ್ತುವ ಬಿಲ್ಲೆಯಿಂದ ಹಗುರವಾಗಿ ಸಮ ಮಾಡಿರಿ. ಅದುಮಿ ಗಟ್ಟಿ ಮಾಡಿದರೆ ನೀರು ಇಳಿಯುವುದಿಲ್ಲ. ಕುದಿ ಬಂದ ನೀರನ್ನು ಇಳಿಸಿ, ಅರ್ಧ ನಿಮಿಷ ಬಿಟ್ಟು, 200 ಮಿಲಿಲೀಟರು ಸುರಿದು ಮುಚ್ಚಿರಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದುಕೊಳ್ಳುವುದರಿಂದ ಕೆಳಗೆ ಸುಮಾರು 140 ಮಿಲಿಲೀಟರು ಇಳಿಯುತ್ತದೆ. ಲೋಟಕ್ಕೆ 35 ಮಿಲಿಲೀಟರು ಡಿಕಾಕ್ಷನ್, 100 ಮಿಲಿಲೀಟರು ಬಿಸಿ ಹಾಲು. ರುಚಿಯಲ್ಲಿ ಇದಕ್ಕೇ ಮೊದಲ ಸ್ಥಾನ. ಕಾರಣ ಸರಳವಾದದ್ದು. ಬಿಸಿನೀರು ಪುಡಿಯಿಂದ ಮೊದಲು ಪರಿಮಳವನ್ನೂ ನಯವಾದ ಹುಳಿಯನ್ನೂ ಎಳೆದುಕೊಳ್ಳುತ್ತದೆ, ಕಹಿಯನ್ನು ಕೊನೆಗೆ. ಫಿಲ್ಟರಿನಲ್ಲಿ ಪುಡಿ ಕುದಿಯುವುದಿಲ್ಲ, ಮುಚ್ಚಳ ಇರುವುದರಿಂದ ಪರಿಮಳ ಹೊರಗೆ ಹೋಗುವುದೂ ಕಡಮೆ.

ಎರಡನೆಯದು ಬಟ್ಟೆಯಲ್ಲಿ ಸೋಸುವುದು. 240 ಮಿಲಿಲೀಟರು ನೀರು ಕುದಿಸಿ, ಇಳಿಸಿದ ಮೇಲೆ 24 ಗ್ರಾಂ ಪುಡಿ ಹಾಕಿ ಕಲಕಿ ಮುಚ್ಚಿ, ನಾಲ್ಕು ನಿಮಿಷದ ನಂತರ ಹತ್ತಿಯ ಬಟ್ಟೆಯಲ್ಲಿ ಸೋಸಿ ಹಿಂಡಿರಿ. ಫಿಲ್ಟರಿಗಿಂತ ಕಡಮೆ ಪುಡಿ ಸಾಕು, ಬೇಗನೆ ಆಗುತ್ತದೆ, ಆದರೆ ಡಿಕಾಕ್ಷನ್ ಸ್ವಲ್ಪ ತೆಳು. ಬಟ್ಟೆಯ ವಿಚಾರದಲ್ಲಿ ಎಚ್ಚರ ಬೇಕು. ಸಾಬೂನು ಹಾಕಿ ಒಗೆದರೆ ಅದರ ವಾಸನೆ ಕಾಫಿಗೆ ಬರುತ್ತದೆ. ಒದ್ದೆಯಾಗಿ ಮುದ್ದೆ ಮಾಡಿಟ್ಟರೆ ಮುಗ್ಗಲು ಹಿಡಿಯುತ್ತದೆ. ಬಿಸಿನೀರಿನಲ್ಲಿ ಜಾಲಾಡಿ ಬಿಸಿಲಿಗೆ ಹಾಕಿರಿ.

ಮೂರನೆಯದು ಬೆಲ್ಲದ ಕಾಫಿ. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಹಿಂದಿನಿಂದ ಬಂದದ್ದು. 600 ಮಿಲಿಲೀಟರಿಗಿಂತ ತುಸು ಹೆಚ್ಚು ನೀರಿಗೆ 60 ಗ್ರಾಂ ಬೆಲ್ಲ ಹಾಕಿ ಕರಗಿಸಿ, ಕುದಿ ಬಂದಾಗ 20 ಗ್ರಾಂ ಪುಡಿ ಹಾಕಿ, ಒಂದು ಉಕ್ಕು ಬಂದ ಕೂಡಲೆ ಇಳಿಸಿ, ಗಷ್ಟು ತಳಕ್ಕೆ ಕೂತ ಮೇಲೆ ಸೋಸಿರಿ. ಹಾಲು ಬೇಡ. ಬೇಕೇಬೇಕೆಂದರೆ ಇಳಿಸಿದ ಮೇಲೆ ಲೋಟದಲ್ಲಿ ಬೆರೆಸಿರಿ. ಒಲೆಯ ಮೇಲೆ ಬೆಲ್ಲ ಮತ್ತು ಹಾಲು ಕೂಡಿದರೆ ಎಷ್ಟೋ ಸಲ ಒಡೆಯುತ್ತದೆ. ಪುಡಿ ಹಾಕಿ ಬಹಳ ಹೊತ್ತು ಕುದಿಸುವುದು ದೊಡ್ಡ ತಪ್ಪು. ಕಾಫಿ ಬೀದಿಗೆಲ್ಲ ಘಮಘಮಿಸಿದರೆ ಪರಿಮಳ ಬೀದಿಯ ಪಾಲಾಯಿತು, ಕಹಿ ಮಾತ್ರ ಲೋಟದ ಪಾಲಾಯಿತು ಎಂದು ತಿಳಿಯಿರಿ.

ನಾಲ್ಕನೆಯದು ದಿಢೀರ್ ಕಾಫಿ. ಕಾರ್ಖಾನೆಯಲ್ಲಿ ಡಿಕಾಕ್ಷನ್ ತೆಗೆದು ಅದರ ನೀರನ್ನೆಲ್ಲ ಆರಿಸಿ ಪುಡಿಮಾಡಿದ್ದು ಇದು. ಆದುದರಿಂದ ಬಿಸಿ ಹಾಲಿಗೆ ಹಾಕಿದರೆ ಕರಗಿಹೋಗುತ್ತದೆ, ಚರಟ ಉಳಿಯುವುದಿಲ್ಲ. ಲೋಟಕ್ಕೆ 2 ಗ್ರಾಂ ಸಾಕು. ಕಾರ್ಖಾನೆಯಲ್ಲಿ ಆರುವಾಗ ಪರಿಮಳ ಬಹಳಷ್ಟು ಹೋಗಿರುವುದರಿಂದ ರುಚಿಯಲ್ಲಿ ಇದು ಹಿಂದೆ. ಇದರಲ್ಲಿಯೂ ಚಿಕೋರಿ ಬೆರೆತದ್ದು ಉಂಟು. ಪೊಟ್ಟಣ ಓದಿಯೇ ಕೊಳ್ಳಿರಿ.

ಖರ್ಚಿನ ಲೆಕ್ಕ

ಬೆಲೆಗಳು ಊರಿನಿಂದ ಊರಿಗೆ, ತಿಂಗಳಿನಿಂದ ತಿಂಗಳಿಗೆ ಬೇರೆ. ಲೆಕ್ಕ ಹಾಕುವ ಬಗೆ ತಿಳಿಯಲೆಂದು ಒಂದು ಬೆಲೆ ಇಟ್ಟುಕೊಳ್ಳೋಣ. ಕಾಫಿ ಪುಡಿ ಕಿಲೋಗೆ 600 ರೂಪಾಯಿ, ದಿಢೀರ್ ಪುಡಿ ಗ್ರಾಮಿಗೆ 2 ರೂಪಾಯಿ, ಹಾಲು ಲೀಟರಿಗೆ 35 ರೂಪಾಯಿ, ಸಕ್ಕರೆ ಕಿಲೋಗೆ 45, ಬೆಲ್ಲ ಕಿಲೋಗೆ 60. ನಿಮ್ಮ ಅಂಗಡಿಯ ಬೆಲೆ ಬೇರೆಯಾದರೆ ಅದನ್ನೇ ಹಾಕಿಕೊಳ್ಳಿರಿ.

ಫಿಲ್ಟರು ಕಾಫಿಗೆ ಲೋಟವೊಂದಕ್ಕೆ ಪುಡಿ 4 ರೂಪಾಯಿ 50 ಪೈಸೆ, ಹಾಲು 3 ರೂಪಾಯಿ 50 ಪೈಸೆ, 10 ಗ್ರಾಂ ಸಕ್ಕರೆಗೆ 45 ಪೈಸೆ. ಒಟ್ಟು 8 ರೂಪಾಯಿ 45 ಪೈಸೆ. ಬಟ್ಟೆಯಲ್ಲಿ ಸೋಸಿದ್ದಕ್ಕೆ ಪುಡಿ 3 ರೂಪಾಯಿ 60 ಪೈಸೆ. ಹಾಲು ಸಕ್ಕರೆ ಸೇರಿ 7 ರೂಪಾಯಿ 55 ಪೈಸೆ. ದಿಢೀರ್ ಕಾಫಿಗೆ ಪುಡಿ 4 ರೂಪಾಯಿ. ಅಷ್ಟೇ ಹಾಲು ಸಕ್ಕರೆ ಹಾಕಿದರೆ 7 ರೂಪಾಯಿ 95 ಪೈಸೆ. ಬೆಲ್ಲದ ಕಾಫಿಗೆ ಪುಡಿ 3 ರೂಪಾಯಿ, ಬೆಲ್ಲ 90 ಪೈಸೆ. ಒಟ್ಟು 3 ರೂಪಾಯಿ 90 ಪೈಸೆ. ಸೌದೆ, ಗ್ಯಾಸಿನ ಖರ್ಚು ಇದರಲ್ಲಿ ಸೇರಿಲ್ಲ.

ಈ ಲೆಕ್ಕದಿಂದ ಏನು ಕಾಣುತ್ತದೆ? ಹಾಲು ಹಾಕುವ ಮೂರು ವಿಧಾನಗಳ ನಡುವೆ ವ್ಯತ್ಯಾಸ ಒಂದು ರೂಪಾಯಿಯೂ ಇಲ್ಲ. ನಿಜವಾದ ವ್ಯತ್ಯಾಸ ಅಡಗಿರುವುದು ಹಾಲಿನಲ್ಲಿ. ಐದು ಜನರ ಮನೆಯಲ್ಲಿ ಎರಡು ಹೊತ್ತು ಕಾಫಿ ಎಂದರೆ ದಿನಕ್ಕೆ ಹತ್ತು ಲೋಟ, ಅಂದರೆ ಒಂದು ಲೀಟರು ಹಾಲು. ತಿಂಗಳಿಗೆ 30 ಲೀಟರು. ‘ಹಾಲು ನಮ್ಮ ಹಸುವಿನದೇ, ಅದಕ್ಕೇನು ಖರ್ಚು?’ ಎನ್ನಬಹುದು. ಡೈರಿಗೆ ಹಾಕಿದ್ದರೆ ಹಣ ಬರುತ್ತಿತ್ತು, ಮಗುವಿಗೆ ಕೊಟ್ಟಿದ್ದರೆ ಮೈಗೂಡುತ್ತಿತ್ತು. ಸ್ವಂತ ತೋಟದ ಕಾಫಿ ಬೀಜಕ್ಕೂ ಇದೇ ಮಾತು. ಮಾರಿದರೆ ಬೆಲೆ ಬರುವ ವಸ್ತು ಮನೆಯಲ್ಲಿ ಪುಕ್ಕಟೆಯಾಗುವುದಿಲ್ಲ.

ಎರಡು ಹೊತ್ತಿನಲ್ಲಿ ಒಂದು ಹೊತ್ತು ಬೆಲ್ಲದ ಕಾಫಿಗೆ ತಿರುಗಿದರೆ ಲೋಟಕ್ಕೆ 4 ರೂಪಾಯಿ 55 ಪೈಸೆಯಂತೆ ತಿಂಗಳಿಗೆ 682 ರೂಪಾಯಿ 50 ಪೈಸೆ ಉಳಿಯುತ್ತದೆ. 15 ಲೀಟರು ಹಾಲು ಬೇರೆಯ ಉಪಯೋಗಕ್ಕೆ ಸಿಗುತ್ತದೆ. ಕೊಯ್ಲಿನ ದಿನ ಇಪ್ಪತ್ತು ಆಳುಗಳಿಗೆ ಕಾಫಿ ಕೊಡಬೇಕಾದರೆ ಬೆಲ್ಲದ ಕಾಫಿಗೆ 100 ಗ್ರಾಂ ಪುಡಿ, 300 ಗ್ರಾಂ ಬೆಲ್ಲ, 78 ರೂಪಾಯಿ. ಅದನ್ನೇ ಫಿಲ್ಟರಿನಲ್ಲಿ ಇಳಿಸಿ ಹಾಲು ಹಾಕಿ ಕೊಟ್ಟರೆ 169 ರೂಪಾಯಿ.

ಅನುಕೂಲದ ಮಾತು

ಬೆಳಗಿನ ಜಾವ ಮೊದಲು ಏಳುವವರು ಮನೆಯ ಹೆಂಗಸರು. ಅವರ ಹೊತ್ತಿಗೂ ಬೆಲೆ ಉಂಟು. ಫಿಲ್ಟರು ಇಳಿಯಲು ಹದಿನೈದು ಇಪ್ಪತ್ತು ನಿಮಿಷ ಬೇಕು, ಆದರೆ ಅದರ ಮುಂದೆ ನಿಲ್ಲಬೇಕಾಗಿಲ್ಲ. ನೀರು ಸುರಿದು ಹಾಲು ಕರೆದು ಬರುವಷ್ಟರಲ್ಲಿ ಅದು ತಾನೇ ಇಳಿದಿರುತ್ತದೆ. ಬಟ್ಟೆಯ ವಿಧಾನ ಐದಾರು ನಿಮಿಷದ ಕೆಲಸ, ಆದರೆ ಮುಂದೆ ನಿಂತು ಮಾಡಬೇಕು. ಬೆಲ್ಲದ ಕಾಫಿಗೆ ಒಂದೇ ಪಾತ್ರೆ, ಹೆಚ್ಚು ಜನರಿಗೆ ಅದೇ ಸುಲಭ. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ, ಕಾಯಿಲೆಯವರ ಬಳಿ ರಾತ್ರಿ ಎಚ್ಚರವಿರಬೇಕಾದರೆ ದಿಢೀರ್ ಕಾಫಿಯಷ್ಟು ಅನುಕೂಲ ಬೇರೆ ಇಲ್ಲ.

ಫಿಲ್ಟರಿನ ತೂತುಗಳು ಕಟ್ಟಿಕೊಂಡರೆ ಹೊಸದು ತರಲು ಓಡಬೇಡಿರಿ. ಸ್ಟೀಲಿನದಾದರೆ ಮೇಲಿನ ಪಾತ್ರೆಯ ತಳವನ್ನು ಇಕ್ಕುಳದಿಂದ ಹಿಡಿದು ಉರಿಗೆ ತೋರಿಸಿರಿ, ಸಿಕ್ಕಿದ ಪುಡಿ ಸುಟ್ಟು ಉದುರುತ್ತದೆ. ಹಿತ್ತಾಳೆಯದಾದರೆ ಹಾಗೆ ಮಾಡಬೇಡಿರಿ, ಕಲಾಯಿ ಕರಗಿಹೋಗುತ್ತದೆ, ಸೂಜಿಯಿಂದ ಬಿಡಿಸಿರಿ. ಕಲಾಯಿ ಹೋದ ಹಿತ್ತಾಳೆಯಲ್ಲಿ ಕಾಫಿ ಇಳಿಸಬಾರದು. ಚರಟವನ್ನು ಗೊಬ್ಬರದ ಗುಂಡಿಗೆ ಹಾಕಿರಿ. ಇಳಿಸಿಟ್ಟ ಡಿಕಾಕ್ಷನ್ನನ್ನು ಮತ್ತೆ ಕುದಿಸಬೇಡಿರಿ. ಹಾಲನ್ನು ಚೆನ್ನಾಗಿ ಕಾಯಿಸಿ ಅದಕ್ಕೆ ಬೆರೆಸಿದರೆ ಸಾಕು.

ಆರೋಗ್ಯದ ಎರಡು ಮಾತು

ಊಟದ ಜೊತೆಗೆ ಅಥವಾ ಉಂಡ ಕೂಡಲೆ ಕಾಫಿ ಕುಡಿದರೆ ಸೊಪ್ಪು, ರಾಗಿ, ಕಾಳುಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಉಂಡ ಅನ್ನದ ಸಾರವನ್ನು ಒಂದು ಲೋಟ ಕಾಫಿಗಾಗಿ ಕಳೆದುಕೊಳ್ಳುವುದು ಜಾಣತನವಲ್ಲ. ಊಟಕ್ಕೆ ಮೊದಲು ಒಂದು ಗಂಟೆ, ಊಟವಾದ ಮೇಲೆ ಒಂದು ಗಂಟೆ ಕಾಫಿ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಸಲಹೆ ಕೊಟ್ಟಿದೆ. ದಿನಕ್ಕೆ ಕೆಫೀನು 300 ಮಿಲಿಗ್ರಾಂ ಮೀರಬಾರದೆಂದೂ ಹೇಳಿದೆ. ಅದರ ಲೆಕ್ಕದಲ್ಲಿ 150 ಮಿಲಿಲೀಟರು ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ದಿಢೀರ್ ಕಾಫಿಯಲ್ಲಿ 50ರಿಂದ 65 ಮಿಲಿಗ್ರಾಂ ಇರುತ್ತದೆ. ಬಸುರಿಯರು ಇನ್ನೂ ಹಿತವಾಗಿ ಕುಡಿಯಬೇಕು. ಚಿಕ್ಕ ಮಕ್ಕಳಿಗೆ ಕಾಫಿ ಕೊಡಲೇಬಾರದು, ಹಾಲು ಕೊಡಿರಿ.

ಕುದಿಸಿ ಸೋಸದೆ ಕುಡಿಯುವ ಕಾಫಿಯಲ್ಲಿ ಬೀಜದ ಎಣ್ಣೆಯ ಅಂಶ ಉಳಿಯುತ್ತದೆ. ದಿನವೂ ಹೆಚ್ಚಾಗಿ ಕುಡಿದರೆ ಅದು ರಕ್ತದಲ್ಲಿ ಕೊಲೆಸ್ಟರಾಲ್ ಏರಿಸುತ್ತದೆ. ಆದುದರಿಂದ ಬೆಲ್ಲದ ಕಾಫಿಯನ್ನೂ ಬಟ್ಟೆಯಲ್ಲಿ ಸೋಸಿಯೇ ಕುಡಿಯಿರಿ, ಆ ಅಂಶ ಬಹಳಷ್ಟು ಬಟ್ಟೆಯಲ್ಲಿ ನಿಲ್ಲುತ್ತದೆ.

ಬಾಂಧವರೆ, ನನ್ನ ಸಲಹೆ ಇಷ್ಟೆ. ಬೆಳಗಿನ ಒಂದು ಲೋಟ ಫಿಲ್ಟರಿನದಾಗಲಿ, ಒಳ್ಳೆಯ ಪುಡಿಯದಾಗಲಿ, ಅದನ್ನು ನೆಮ್ಮದಿಯಾಗಿ ಕುಡಿಯಿರಿ. ಮಧ್ಯಾಹ್ನದ ಮೇಲಿನದು, ಆಳುಕಾಳುಗಳಿಗೆ ಕೊಡುವುದು ಬೆಲ್ಲದ್ದಾಗಲಿ. ಮನೆಯವರೂ ಆಳುಗಳೂ ಅದನ್ನೇ ಕುಡಿಯಲಿ, ಭೇದ ಬೇಡ. ಫಿಲ್ಟರಿಲ್ಲದ ಮನೆಗೆ ಒಂದು ಮೊಳ ಹತ್ತಿಯ ಬಟ್ಟೆ ಸಾಕು. ದಿಢೀರ್ ಪುಡಿ ಅವಸರಕ್ಕೆಂದು ಒಂದು ಚಿಕ್ಕ ಪೊಟ್ಟಣ ಇರಲಿ.

ನಾಳೆಯಿಂದ ಒಂದು ತಿಂಗಳು ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪುಡಿ ಎಷ್ಟು ತಂದಿರಿ, ಹಾಲು ಎಷ್ಟು ಹಾಕಿದಿರಿ ಎಂದು ಬರೆದಿಡಿರಿ. ಬರೆಯುವ ಕೆಲಸ ಶಾಲೆಗೆ ಹೋಗುವ ಮಕ್ಕಳದಾಗಲಿ. ತಿಂಗಳ ಕೊನೆಯಲ್ಲಿ ಗಂಡಹೆಂಡಿರು ಕೂತು ಕೂಡಿಸಿ ನೋಡಿರಿ. ಅದರಲ್ಲಿ ಉಳಿಸಬಹುದಾದದ್ದು ಎಷ್ಟೆಂದು ನಾನು ಹೇಳಬೇಕಾಗಿಲ್ಲ, ನಿಮ್ಮ ಲೆಕ್ಕವೇ ಹೇಳುತ್ತದೆ.