ದುರ್ಗದ ಕೋಟೆಯೂ ಒಂದು ಕಿಂಡಿಯೂ



ಚಿತ್ರದುರ್ಗದ ಏಳು ಸುತ್ತಿನ ಕೋಟೆಯು ಲೋಕಪ್ರಸಿದ್ಧವಾದುದು. ಹೆಬ್ಬಂಡೆಗಳ ನಡುವೆ ದಾರಿಯನ್ನು ಡೊಂಕಾಗಿ ತಿರುಗಿಸಿ, ಶತ್ರುವಿನ ಆನೆಯು ಓಡಿಬಂದು ಬಾಗಿಲನ್ನು ಹಾಯದಂತೆ ಮಾಡಿದ ನಾಯಕರ ಜಾಣ್ಮೆಯು ಸ್ತುತ್ಯವಾದುದು. ಗಿರಿದುರ್ಗಕ್ಕೆ ನೀರೇ ಪ್ರಾಣವಷ್ಟೆ. ಆದುದರಿಂದ ಮಳೆನೀರು ಗೋಪಾಲಸ್ವಾಮಿ ಹೊಂಡವನ್ನು ತುಂಬಿ, ಅಕ್ಕತಂಗಿಯರ ಹೊಂಡಕ್ಕಿಳಿದು, ಊರಿನ ಸಿಹಿನೀರು ಹೊಂಡವನ್ನು ಸೇರುವಂತೆ ಏರ್ಪಡಿಸಿದ್ದರು. ಕೋಟೆಯೊಳಗೆ ಮುರುಘಾಮಠವೂ ನೆಲೆಗೊಂಡಿತ್ತು.

ಇಂತಹ ದುರ್ಗದಲ್ಲಿಯೂ ಬಂಡೆಯ ಸಂದಿನಲ್ಲೊಂದು ಕಿಂಡಿಯಿದ್ದಿತು. ಹೈದರಾಲಿಯ ಸೈನಿಕರು ಅಲ್ಲಿ ನುಸುಳುವಾಗ, ಕಾವಲುಗಾರನ ಮಡದಿ ಓಬವ್ವೆಯು ಕೈಗೆ ಸಿಕ್ಕ ಒನಕೆಯಿಂದಲೇ ಅವರನ್ನು ತಡೆದಳೆಂದು ಜನರು ಇಂದಿಗೂ ಭಕ್ತಿಯಿಂದ ನೆನೆಯುವರು. ಆದರೂ 1779ರಲ್ಲಿ ದುರ್ಗವು ಹೈದರನ ವಶವಾಯಿತು. ಮದಕರಿನಾಯಕನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದನು.

ಏಳು ಸುತ್ತಿನ ಕಲ್ಲು ಉಳಿಸಲಾರದ ದುರ್ಗದಲ್ಲಿ ಒಬ್ಬ ಹೆಣ್ಣುಮಗಳ ಎಚ್ಚರವು ಉಳಿದಿದೆ. ಮನವೆಂಬ ಕೋಟೆಗೂ ಕಿಂಡಿಯುಂಟು. ಅಲ್ಲಿ ಕಾವಲು ನಿಲ್ಲುವವನೇ ಭಕ್ತನು.