ಸೊನ್ನೆ ಬಂದರೂ ಅದು ಉತ್ತರವೇ

ಇವತ್ತು ಒಂದು ಹಳೇ ಗೇಮ್ ಬಗ್ಗೆ ಮಾತಾಡೋಣ.

ಹೆಸರು ಕೋಡ್‌ಬ್ರೇಕರ್. 1978ರಲ್ಲಿ ಅಟಾರಿ ಕಂಪನಿ ತನ್ನ ವಿಸಿಎಸ್ ಕನ್ಸೋಲ್‌ಗೆ ತಂದದ್ದು. ಟಿವಿಗೆ ಸಿಕ್ಕಿಸಿ ಆಡುವ ಆ ಡಬ್ಬಿಯ ರ‍್ಯಾಮ್ ಎಷ್ಟು ಗೊತ್ತಾ? 128 ಬೈಟ್. ಕೆಬಿ ಅಲ್ಲ, ಬೈಟ್! ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ 3 ಬೈಟ್ ಬೇಕು. ಅಂದ್ರೆ 42 ಬರೆಯುವಷ್ಟರಲ್ಲಿ ಮೆಮೊರಿ ಮುಗೀತು.

ಆಟ ಸರಳ. ಜಾಯ್‌ಸ್ಟಿಕ್ ಬದಲು 12 ಗುಂಡಿಯ ಕೀಪ್ಯಾಡ್. ಯಂತ್ರ ಮೂರು ಅಥವಾ ನಾಲ್ಕು ಅಂಕಿಯ ಒಂದು ಗುಟ್ಟಿನ ಸಂಖ್ಯೆ ಇಟ್ಕೊಂಡಿರುತ್ತೆ, ನೀವು ಊಹಿಸಬೇಕು. ಪ್ರತಿ ಊಹೆಗೂ ಅದು ಹೇಳೋದು ಎರಡೇ ವಿಷಯ: ಎಷ್ಟು ಅಂಕಿ ಸರಿಯಾದ ಜಾಗದಲ್ಲಿವೆ, ಎಷ್ಟು ಅಂಕಿ ಸರಿಯಿದ್ದೂ ಜಾಗ ತಪ್ಪಿವೆ. ಮಾಸ್ಟರ್‌ಮೈಂಡ್ ಬೋರ್ಡ್ ಗೇಮ್ ಆಡಿದವರಿಗೆ ಇದು ಹೊಸದಲ್ಲ.

ಈಗ ಲೆಕ್ಕ ನೋಡಿ. 1ರಿಂದ 6ರವರೆಗಿನ ಅಂಕಿ, ನಾಲ್ಕು ಜಾಗ ಅಂತಿಟ್ಕೊಳ್ಳಿ. ಒಟ್ಟು 1296 ಸಾಧ್ಯತೆ. ನೀವು 1122 ಒತ್ತಿದ್ರಿ, ಒಂದೂ ಹೊಂದಲಿಲ್ಲ, ಸೊನ್ನೆ. ಬೇಜಾರಾಗುತ್ತೆ ಅಲ್ವಾ? ಆದರೆ ಉಳಿದದ್ದು 3, 4, 5, 6 ಮಾತ್ರ, ಅಂದ್ರೆ 256 ಸಾಧ್ಯತೆ. ಆ ಒಂದು ಸೊನ್ನೆ 1040 ಸಂಖ್ಯೆಗಳನ್ನ ಹೊಡೆದುಹಾಕಿತು!

ಡೊನಾಲ್ಡ್ ಕ್ನೂತ್ 1970ರ ದಶಕದಲ್ಲೇ ಮಾಸ್ಟರ್‌ಮೈಂಡ್‌ಗೆ ಒಂದು ದಾರಿ ತೋರಿಸಿದ್ರು. 1122ರಂಥ ಊಹೆಯಿಂದ ಶುರು ಮಾಡಿದ್ರೆ ಹೆಚ್ಚೆಂದರೆ ಐದು ಊಹೆಯಲ್ಲಿ ಉತ್ತರ ಖಚಿತ. ಸ್ವಾರಸ್ಯ ಏನಂದ್ರೆ, ಆ ವಿಧಾನ ಕೆಲವೊಮ್ಮೆ ಉತ್ತರ ಆಗೋಕೆ ಸಾಧ್ಯವೇ ಇಲ್ಲದ ಸಂಖ್ಯೆಯನ್ನ ಬೇಕಂತಲೇ ಊಹಿಸುತ್ತೆ. ಯಾಕೆ? ಗೆಲ್ಲೋದಕ್ಕಲ್ಲ, ಉಳಿದದ್ದನ್ನ ಚೆನ್ನಾಗಿ ಸೋಸೋದಕ್ಕೆ.

ನಮ್ಮ ಕೆಲಸವೂ ಇದೇ ತಾನೆ? ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿದ್ದಿದೆ, ಕಾಲ್‌ನಲ್ಲಿ ಹದಿನೈದು ಜನ. ಹೊಸ ಹುಡುಗನೊಬ್ಬ "ಡೇಟಾಬೇಸ್ ಕನೆಕ್ಷನ್ ಚೆಕ್ ಮಾಡಿದೆ ಸರ್, ಅದಲ್ಲ" ಅಂದ. "ಅದಲ್ಲ ಅಂದ್ರೆ ಇನ್ನೇನು?" ಅಂತ ಮೇಲಿನವರು ರೇಗಿದ್ರು. ಆಮೇಲೆ ಆತ ಬಾಯೇ ಬಿಡಲಿಲ್ಲ. ಅವತ್ತು ಆ ಕಾಲ್‌ನಲ್ಲಿ ಸಿಕ್ಕ ಮೊದಲ ನಿಜವಾದ ಮಾಹಿತಿ ಅವನದೇ ಆಗಿತ್ತು.

ಅದಕ್ಕೇ ಹೇಳೋದು, ನಿಮ್ಮ ಟೀಮಲ್ಲಿ ಯಾರಾದ್ರೂ "ಅದಲ್ಲ" ಅಂದ್ರೆ ರೇಗಬೇಡಿ. "ಸರಿ, ಅದು ಹೋಯ್ತು, ಈಗ ಏನೇನು ಉಳೀತು?" ಅಂತ ಕೇಳಿ. 128 ಬೈಟಿನ ಡಬ್ಬಿಗೆ ಇದ್ದಷ್ಟು ತಾಳ್ಮೆ ನಮಗೂ ಇರಲಿ. ಮುಂದಿನ ವಾರ ಸಿಗೋಣ.